ಅಕ್ಕನ ನೆನಪು, ಕನಸು, ಗುರಿ ಮತ್ತು ನನ್ನ ಹೆಬ್ಬೆರಳು

ತಲೆಯಾಡಿಸುವ ಮನುಷ್ಯನನ್ನು ಜನ ಒಳ್ಳೆಯವನು ಎಂದುಕೊಳ್ಳುತ್ತಾರೆ. ಇದು ಜನರ ತಪ್ಪು, ನನ್ನದಲ್ಲ. ನಾನು ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವವನು. ಅಪ್ಪ ಹಾಕಿದ ಗಿರಣಿ. ನಲವತ್ತು ವರ್ಷಕ್ಕೂ ಮೇಲಾಯಿತು, ಈ ಮಿಷನ್ನಿನ ಪಕ್ಕದಲ್ಲೇ ಕೂತಿದ್ದೇನೆ. ಅದು ಒಮ್ಮೆ ಶುರುವಾಯಿತೆಂದರೆ ಎದುರಿಗೆ ನಿಂತವರ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಅದಕ್ಕೇ ನಮ್ಮ ಕಸುಬಿನಲ್ಲಿ ಕೈಯಲ್ಲೇ ಮಾತು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರೆ ನುಣ್ಣಗೆ, ಐದೂ ಬೆರಳು ಉಜ್ಜಿದರೆ ತರಿ. ಮಿಕ್ಕಿದ್ದಕ್ಕೆಲ್ಲ ನಾನು ತಲೆಯಾಡಿಸುತ್ತೇನೆ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ರಾಗಿಯೋ ಗೋಧಿಯೋ ತಿಳಿಯುತ್ತದೆ, ಡಬ್ಬಿಯ ಮುಖ ನೋಡಿದರೆ ಯಾರ ಮನೆಯದೆಂದು ತಿಳಿಯುತ್ತದೆ, ಮನೆ ತಿಳಿದ ಮೇಲೆ ಅವರಿಗೆ ರೊಟ್ಟಿಗೋ ಮುದ್ದೆಗೋ ಎನ್ನುವುದನ್ನು ಬೇರೆ ಕೇಳಬೇಕೆ? ಹೀಗೆ ಒಂದು ಮಾತೂ ಕೇಳಿಸಿಕೊಳ್ಳದೆ ಎಲ್ಲರಿಗೂ ಒಪ್ಪಿಗೆಯಾಗುವಂತೆ ಬದುಕಿದವನು ನಾನು. ಒಂದೇ ಒಂದು ಸಲ ಎಡವಟ್ಟಾಗಿತ್ತು. ಹಿಂದಿನ ಬೀದಿಯ ಅಜ್ಜಿಯೊಬ್ಬರು ತಮ್ಮ ಯಜಮಾನರು ಹೋಗಿಬಿಟ್ಟ ಸುದ್ದಿ ಹೇಳುತ್ತಿದ್ದಾಗ ನಾನು ನಗುನಗುತ್ತಾ ತಲೆಯಾಡಿಸಿ, ಎರಡು ಬೆರಳು ಉಜ್ಜಿ ‘ನುಣ್ಣಗೆ ತಾನೆ?’ ಎಂದು ಸನ್ನೆ ಮಾಡಿದ್ದೆ. ಅವರು ಆಮೇಲೆ ಮೂರು ತಿಂಗಳು ಪಕ್ಕದ ರಸ್ತೆಯ ಗಿರಣಿಗೆ ಹೋದರು. ಅಲ್ಲಿ ರಾಗಿಯ ಹಿಂದೆಯೇ ಗೋಧಿ ಹಾಕಿ ಚಪಾತಿಯೆಲ್ಲ ಕಪ್ಪಾದ ಮೇಲೆ ವಾಪಸ್ ಬಂದರು. ನನ್ನಲ್ಲಿ ಕಿವಿ ಸರಿಯಿಲ್ಲದಿರಬಹುದು, ಸರದಿ ಸರಿಯಾಗಿರುತ್ತದೆ.

ಇಷ್ಟು ಪೀಠಿಕೆ ಯಾಕೆಂದರೆ, ಕೇಳಿಸಿಕೊಳ್ಳದೆಯೇ ಒಪ್ಪಿಬಿಡುತ್ತೇನೆ ಎಂದು ಈಗ ನನ್ನ ಮೇಲೆ ಬಂದಿರುವ ಆಪಾದನೆಗೆ ಈ ಕಸುಬೇ ಕಾರಣವೆಂದು ನಿಮಗೆ ಮೊದಲೇ ತಿಳಿದಿರಲಿ ಎಂದು.

ನನಗೊಬ್ಬಳು ಅಕ್ಕ ಇದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು. ನಿಮ್ಮಲ್ಲಿ ಯಾರಾದರೂ ಈ ಕಡೆಯ ಶಾಲೆಯಲ್ಲಿ ಓದಿದ್ದರೆ ವಿಶಾಲಾಕ್ಷಿ ಮಿಸ್ ಎಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೀರಿ. ಲೆಕ್ಕದ ಮೇಡಂ. ಬಸವನಗುಡಿಯಲ್ಲಿ ಮನೆ. ಮೂವತ್ತೈದು ವರ್ಷ ಪಾಠ ಮಾಡಿ ಹೋದ ವರ್ಷ ನಿವೃತ್ತಿಯಾದಳು. ಅವಳ ಕೀರ್ತಿಯ ಬಗ್ಗೆ ನನಗೇನೂ ಹೊಟ್ಟೆಯುರಿಯಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಐವತ್ತೇಳು ವರ್ಷವಾದ ಮೇಲೂ ಸ್ವಂತ ಹೆಸರು ಬೇಡವೇ? ಗಿರಣಿಯ ಬೋರ್ಡಿನಲ್ಲಿ ನನ್ನ ಹೆಸರು ನಾಗರಾಜ ಎಂದು ಎರಡು ಅಡಿ ಅಕ್ಷರದಲ್ಲಿ ಬರೆಸಿದ್ದೇನೆ. ಆದರೂ ಜನ ಕೇಳುವುದು, “ಮಿಸ್ ತಮ್ಮನ ಗಿರಣಿ ಎಲ್ಲಿ?” ಹಿಟ್ಟು ತೆಗೆದುಕೊಂಡು ಹೋಗಲು ಬಂದ ಡಾಕ್ಟರು, ವಕೀಲರು, ಎಲ್ಲರೂ ಅವಳ ಹಳೆಯ ಶಿಷ್ಯರೇ. “ಮಿಸ್ ನಮಗೆ ಎಷ್ಟು ಚೆನ್ನಾಗಿ ಲೆಕ್ಕ ಹೇಳಿಕೊಟ್ರು ಗೊತ್ತಾ ಅಂಕಲ್” ಎಂದು ಶುರು ಮಾಡಿ, ಕೊನೆಗೆ ದನಿ ತಗ್ಗಿಸಿ, “ನೀವು ಮಿಸ್‌ಗೋಸ್ಕರ ಓದು ಬಿಟ್ರಂತೆ, ದೊಡ್ಡ ಮನಸ್ಸು” ಎನ್ನುತ್ತಾರೆ. ಇದನ್ನು ಮಾತ್ರ ಮಿಷನ್ ಓಡುತ್ತಿದ್ದರೂ ನಾನು ಬಾಯಿಯ ಆಕಾರದಿಂದಲೇ ಗುರುತಿಸಬಲ್ಲೆ. ಗುರುತಿಸಿ ತಲೆಯಾಡಿಸುತ್ತೇನೆ. ಆ ತಲೆಯಾಟದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿವೃತ್ತಿಯಾದ ಮೇಷ್ಟರುಗಳಿಗೆ ಒಂದು ಕಾಯಿಲೆ ಬರುತ್ತದೆ. ಮೂವತ್ತೈದು ವರ್ಷ ಎದುರಿಗೆ ಅರವತ್ತು ಜನ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ. ಬೆಳಗಾಗುವುದರೊಳಗೆ ಅಷ್ಟೂ ಜನ ಮಾಯ. ಎದುರಿಗೆ ಉಳಿಯುವವನು ಗಂಡ ಒಬ್ಬ. ನಮ್ಮ ಭಾವ ಬುದ್ಧಿವಂತರು, ನಿವೃತ್ತಿಯಾದ ಬ್ಯಾಂಕಿನವರು. ಅಕ್ಕ ಮನೆಯಲ್ಲಿ ಉಳಿಯುತ್ತಾಳೆ ಎಂದು ಗೊತ್ತಾದ ವಾರವೇ ಬೆಳಗ್ಗೆ ಲೈಬ್ರರಿ, ಸಂಜೆ ವಾಕಿಂಗ್ ಎಂದು ಟೈಮ್‌ಟೇಬಲ್ ಹಾಕಿಕೊಂಡುಬಿಟ್ಟರು. ಅಷ್ಟರಲ್ಲಿ ಶಾಲೆಯವರು ಸ್ಮರಣ ಸಂಚಿಕೆ ತರುತ್ತೇವೆ, ‘ನನ್ನ ನೆನಪುಗಳು, ಕನಸುಗಳು, ಮುಂದಿನ ಗುರಿಗಳು’ ಎಂದು ಒಂದು ಲೇಖನ ಕೊಡಿ ಮೇಡಂ ಎಂದು ಅವಳನ್ನು ಕೇಳಿದರು. ಎರಡು ಪುಟ ಕೇಳಿದ್ದು. ಆದರೆ ಬೋರ್ಡಿನ ಮೇಲೆ ಬರೆದೂ ಬರೆದೂ ಅಕ್ಕನ ಮಣಿಕಟ್ಟು ನೋವು. ಬರೆಯುವ ಬದಲು ಫೋನಿನಲ್ಲಿ ಮಾತಾಡಿ ಕಳಿಸಿದರಾಯಿತು, ಆಮೇಲೆ ಯಾರ ಕೈಲಾದರೂ ಬರೆಸೋಣ ಎಂದು ಯಾರೋ ಹಳೆಯ ಶಿಷ್ಯ ಉಪಾಯ ಹೇಳಿಕೊಟ್ಟನಂತೆ. ಅವನು ಸಿಕ್ಕಿದರೆ ಮೆಣಸಿನಪುಡಿ ಮಾಡುವ ಮಿಷನ್ನಿನ ಮುಂದೆ ಒಂದು ಗಂಟೆ ಕೂರಿಸಬೇಕೆಂದಿದ್ದೇನೆ.

“ನಾಗು, ನಿನಗೇ ಮೊದಲು ಕಳಿಸ್ತೀನಿ ಕಣೋ. ಹಳೇದೆಲ್ಲ ನಿನಗೂ ಗೊತ್ತಿದೆಯಲ್ಲ. ತಪ್ಪಿದ್ರೆ ಹೇಳು,” ಎಂದಳಂತೆ. ನಾನು ಹ್ಞೂಂ ಎಂದೆ. ಮಿಷನ್ ಓಡುತ್ತಿತ್ತು.

ಮೊದಲನೆಯದು ಬಂತು. ‘ನೆನಪು, ಭಾಗ ಒಂದು.’ ಹದಿನಾಲ್ಕು ನಿಮಿಷ. ಹದಿನಾಲ್ಕು ನಿಮಿಷವೆಂದರೆ ನಮ್ಮಲ್ಲಿ ಎರಡು ಡಬ್ಬಿ ಗೋಧಿ. ಗಿರಣಿಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದರೂ ಕೇಳಿಸುವುದು ನಮ್ಮ ಮಿಷನ್ನಿನ ಸದ್ದೇ. ಕೈಯೆಲ್ಲ ಹಿಟ್ಟು; ಹಿಟ್ಟಿನ ಬೆರಳನ್ನು ಫೋನು ಮನುಷ್ಯನ ಬೆರಳೆಂದು ಒಪ್ಪುವುದೇ ಇಲ್ಲ. ಬರೆಯೋಣವೆಂದರೆ ಅಕ್ಷರಗಳು ಸಾಸಿವೆ ಗಾತ್ರ. ಅದರಲ್ಲಿ ದೊಡ್ಡದಾಗಿ ಕಾಣುವುದು, ಒಂದೇ ಒತ್ತಿಗೆ ಹೋಗುವುದು, ಆ ಹಳದಿ ಬಣ್ಣದ ಹೆಬ್ಬೆರಳು. ಒತ್ತಿದೆ. ಅಕ್ಕನಿಗೆ ಖುಷಿಯಾಯಿತೆಂದು ಕಾಣುತ್ತದೆ, ಮರುದಿನ ಭಾಗ ಎರಡು. ಅದಕ್ಕೂ ಹೆಬ್ಬೆರಳು. ಒಂದು ತಿಂಗಳಲ್ಲಿ ನೆನಪು ಒಂಬತ್ತು ಭಾಗ, ಕನಸು ನಾಲ್ಕು ಭಾಗ, ಗುರಿ ಎರಡು ಭಾಗ. ಎಲ್ಲಕ್ಕೂ ಬಂದ ಮರುಕ್ಷಣವೇ ನನ್ನ ಒಪ್ಪಿಗೆ. ಸಂಜೆ ಮನೆಗೆ ಹೋದ ಮೇಲೆ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಮನೆಯವಳು ಗಿರಿಜೆಯೂ ಅದನ್ನೇ ಕೇಳಿದಳು. ಇಡೀ ದಿನ ಗಡಗಡ ಸದ್ದು ಕುಡಿದ ಕಿವಿಗೆ ಸಂಜೆ ಇನ್ನೊಂದು ಸದ್ದು ತುಂಬುವುದು ಎಂಥ ಅನ್ಯಾಯವೆಂದು ಅಡುಗೆಮನೆಯಲ್ಲಿ ಕೂತವರಿಗೆ ಅರ್ಥವಾಗುವುದಿಲ್ಲ. ಇದನ್ನು ನಾನು ಗಿರಿಜೆಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಮ್ಮಜ್ಜ ಓದು ಬರಹ ಇಲ್ಲದವರು. ಯಾರೋ ತಂದ ಕಾಗದಕ್ಕೆ, ಅದರಲ್ಲಿ ಏನಿದೆ ಎಂದು ಕೇಳದೆ ಹೆಬ್ಬೆಟ್ಟು ಒತ್ತಿ ಒಂದು ಸೈಟು ಕಳೆದುಕೊಂಡರಂತೆ. ಅವರನ್ನು ನಾವೆಲ್ಲ ನೆನೆನೆನೆದು ನಕ್ಕಿದ್ದೇವೆ. ಎಂಟನೆಯ ಕ್ಲಾಸಿನ ತನಕ ಓದಿದ ಮೊಮ್ಮಗ ಒಂದು ತಿಂಗಳಲ್ಲಿ ಹದಿನೈದು ಸಲ ಒತ್ತಿದ್ದಾನೆ, ಅದೂ ಇಂಕು ಇಲ್ಲದೆ.

ಹೋದ ಶುಕ್ರವಾರ ಹನ್ನೊಂದು ಗಂಟೆಗೆ ಮೆಹಬೂಬ್ ಸಾಬರು ಗಿರಣಿಯ ಬಾಗಿಲಿಗೆ ಬಂದರು. ನಮ್ಮ ರಸ್ತೆಯ ಮೂಲೆಯಲ್ಲೇ ಅವರ ಮರಗೆಲಸದ ಅಂಗಡಿ. ತಳ್ಳುಗಾಡಿಯ ಮೇಲೆ ಒಂದು ಡೆಸ್ಕು, ಅದಕ್ಕೇ ಅಂಟಿದ ಬೆಂಚು. ಶಾಲೆಯಲ್ಲಿ ಇರುತ್ತದಲ್ಲ, ಅದೇ. ಸಾಬರು ಬಾಯಿ ಆಡಿಸಿದರು, ನಾನು ತಲೆ ಆಡಿಸಿದೆ. ಅವರು ಅದನ್ನು ಇಳಿಸಿ ಒಳಗೆ ತಂದು, ಡಬ್ಬಿಗಳ ಸಾಲನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಒತ್ತರಿಸಿ ಇಟ್ಟುಬಿಟ್ಟರು. ಸರದಿಯಲ್ಲಿದ್ದ ಡಬ್ಬಿಯನ್ನು ಮುಟ್ಟಿದ್ದು ನೋಡಿ ನನ್ನ ರಕ್ತ ಕುದಿಯಿತು. ಮಿಷನ್ ನಿಲ್ಲಿಸಿದೆ.

“ಏನ್ ಸಾಬ್ರೇ ಇದು?”

“ಬೆಂಚು, ನಾಗಣ್ಣ. ಎಲ್ಲಿಡ್ಲಿ ಅಂದೆ, ನೀವು ಹ್ಞೂಂ ಅಂದ್ರಿ.”

“ಯಾರಿಗೆ?”

“ನಿಮಗೇ ಅಂತೆ. ಮಿಸ್ ಬಂದು ಅಳತೆ ಕೊಟ್ಟೋದ್ರು. ಹೊಟ್ಟೆ ಹತ್ರ ಜಾಗ ಜಾಸ್ತಿ ಬಿಡಿ ಅಂದ್ರು. ಕೂತು ನೋಡಿ, ಕಮ್ಮಿ ಆದ್ರೆ ಇನ್ನೊಂದಿಂಚು ಹೆರೀತೀನಿ.”

ಸರದಿಯಲ್ಲಿ ನಿಂತಿದ್ದ ನಾಲ್ಕು ಜನ ಹೆಂಗಸರ ಮುಂದೆ ನನ್ನ ಹೊಟ್ಟೆಯ ಅಳತೆಯ ವಿಚಾರಣೆ ನಡೆಯಿತು. ಕೂತು ನೋಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಸಾಬರು ಕೆಲಸಗಾರರು, ಸರಿಯಾಗಿತ್ತು.

ಅಕ್ಕನಿಗೆ ಫೋನ್ ಮಾಡಿದೆ. ನನ್ನ ಸಿಟ್ಟು ಆಗ ಯಾವ ಮಟ್ಟದಲ್ಲಿತ್ತೆಂದರೆ, ‘ಹಲೋ’ ಎನ್ನುವುದನ್ನೂ ಬಿಟ್ಟು, “ಏನಕ್ಕ ಇದು?” ಎಂದೆ.

“ಬಂತಾ? ಗೋಡೆ ಪಕ್ಕ ಇಡಿಸ್ಕೊ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಬರ್ತೀನಿ. ಗಿರಣಿ ಮುಚ್ಚಿರುತ್ತಲ್ಲ, ಸದ್ದಿರಲ್ಲ.”

“ಯಾತಕ್ಕೆ?”

“ಯಾತಕ್ಕೆ ಅಂದ್ರೆ? ನೀನೇ ಒಪ್ಕೊಂಡ್ಯಲ್ಲೋ. ಗುರಿ, ಭಾಗ ಎರಡು. ನಿನಗೆ ಎಸ್ಸೆಸ್ಸೆಲ್ಸಿ ಕಟ್ಟಿಸಿ ಪಾಸು ಮಾಡಿಸ್ಬೇಕು, ಅದೇ ನನ್ನ ಮುಂದಿನ ಗುರಿ, ಒಪ್ತೀಯಾ ನಾಗು ಅಂತ ಕೇಳಿದೀನಿ. ನೀನು ಹೆಬ್ಬೆರಳು ಹಾಕಿದೀಯ. ನಾನು ಅದನ್ನ ನಿಮ್ಮ ಭಾವಂಗೂ ತೋರಿಸ್ದೆ. ನಾಗು ಎಷ್ಟು ಬೇಗ ಒಪ್ಕೊಂಡ ನೋಡಿ ಅಂತ.” ಅವಳ ದನಿ ಸ್ವಲ್ಪ ಇಳಿಯಿತು. “ನನಗೋಸ್ಕರ ನೀನು ಬಿಟ್ಟ ಓದು ಕಣೋ ಅದು. ಅದನ್ನ ನಾನು ವಾಪಸ್ ಕೊಡದೆ ಹೇಗೆ ಇರ್ಲಿ?”

ಇದಕ್ಕೆ ನಾನು ಏನು ಹೇಳಬೇಕಿತ್ತು? “ಕೇಳಲಿಲ್ಲ” ಎಂದರೆ ಹದಿನೈದು ಸುಳ್ಳು ಒಟ್ಟಿಗೆ ಹೊರಬೀಳುತ್ತಿತ್ತು. ಹ್ಞೂಂ ಎಂದು ಇಟ್ಟುಬಿಟ್ಟೆ. ಆ ದಿನ ನಾನು ಎಲ್ಲರ ಮೇಲೂ ರೇಗಿದೆ. ಐವತ್ತೇಳು ವರ್ಷದವನಿಗೆ ಬೀಜಗಣಿತ ಹೇಳಿಕೊಡುವುದು ಗುರಿಯಂತೆ! ಬೇರೆಯವರು ನಿವೃತ್ತಿಯಾದರೆ ಕಾಶಿಗೆ ಹೋಗುತ್ತಾರೆ, ತೋಟ ಮಾಡುತ್ತಾರೆ, ಸೊಸೆಯ ಮೇಲೆ ಚಾಡಿ ಹೇಳುತ್ತಾರೆ. ಇವಳಿಗೆ ನಾನೇ ಆಗಬೇಕಿತ್ತೇ? ಗಿರಿಜೆ ಮಾತ್ರ ಸಾರಿಗೆ ಒಗ್ಗರಣೆ ಹಾಕುತ್ತಾ, “ಹೋಗಲಿ ಬಿಡಿ, ಹತ್ತನೇ ಕ್ಲಾಸ್ ಆದ್ರೆ ಕಾಲೇಜಿಗೆ ಸೇರಬಹುದು” ಎಂದಳು.

ಈಗ ಆ ತಲೆಯಾಟದ ವಿಷಯಕ್ಕೆ ಬರಬೇಕು.

ಊರಿಗೆಲ್ಲ ಗೊತ್ತಿರುವ ಕತೆ ಹೀಗಿದೆ. ಅಕ್ಕ ಪಿಯುಸಿ ಮುಗಿಸಿದ ವರ್ಷ, ನಾನು ಎಂಟನೆಯ ಕ್ಲಾಸು, ಅಪ್ಪನ ಸೊಂಟ ಹಿಡಿದುಕೊಂಡಿತು. ಗಿರಣಿಯಲ್ಲಿದ್ದ ಆಳು ಬಿಟ್ಟುಹೋಗಿದ್ದ. ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, “ಒಬ್ಬರು ಓದಿ, ಒಬ್ಬರು ಗಿರಣೀಲಿ ಕೂತ್ಕೊಳ್ಳಿ. ಇಬ್ಬರದೂ ನನ್ನ ಕೈಲಿ ಆಗಲ್ಲ” ಎಂದರು. ಹುಡುಗಿ ತಾನೆ, ಓದು ಸಾಕು ಎಂದು ಅವರ ಮನಸ್ಸಿನಲ್ಲಿ ಇತ್ತು. ಅಕ್ಕ ತಲೆ ತಗ್ಗಿಸಿದಳು. ಆಗ ನಾನು ಎದ್ದು ನಿಂತು, “ಅಕ್ಕ ಓದಲಿ ಅಪ್ಪ, ನಾನು ಕೂತ್ಕೋತೀನಿ” ಎಂದೆ. ಅಮ್ಮ ಅತ್ತರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ರಾತ್ರಿ ಊಟದಲ್ಲಿ ಹಪ್ಪಳ ಎಲ್ಲರಿಗೂ ಒಂದು, ನನಗೆ ಮೂರು. ಇದು ಕತೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ.

ಸುಳ್ಳಲ್ಲ, ಆದರೆ ಒಂದು ವಸ್ತು ಬಿಟ್ಟುಹೋಗಿದೆ. ಆ ಹೊತ್ತಿನಲ್ಲಿ ನನ್ನ ಶಾಲೆಯ ಚೀಲದಲ್ಲಿ, ಭೂಗೋಳದ ಪುಸ್ತಕದ ನಡುವೆ, ಒಂದು ಪ್ರೋಗ್ರೆಸ್ ಕಾರ್ಡು ಮಡಿಚಿ ಕೂತಿತ್ತು. ಲೆಕ್ಕದಲ್ಲಿ ಏಳು. ಅಪ್ಪನ ಸಹಿ ಹಾಕಿಸಿಕೊಂಡು, ಸೋಮವಾರ ಅಪ್ಪನನ್ನೂ ಕರೆದುಕೊಂಡು ಬಾ ಎಂದು ಲೆಕ್ಕದ ಮೇಷ್ಟರು ಹೇಳಿದ್ದರು. ಶುಕ್ರವಾರದಿಂದ ನಾನು ಜ್ವರ ಬರಲೆಂದು ತಣ್ಣೀರು ಸುರಿದುಕೊಳ್ಳುತ್ತಿದ್ದೆ, ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಅಪ್ಪ ಬಾಯಿಬಿಟ್ಟು, ಶಾಲೆ ಬಿಡುವವರು ಯಾರು ಎಂದು ಕೇಳುತ್ತಾರೆ. ದೇವರು ಭಾನುವಾರವೂ ಕೆಲಸ ಮಾಡುತ್ತಾನೆ ಎಂದು ನನಗೆ ಗೊತ್ತಾದದ್ದು ಆವತ್ತು. ನಾನು ಎದ್ದು ನಿಂತ ವೇಗ ನೋಡಿ ಅದು ತ್ಯಾಗದ ವೇಗ ಎಂದು ಎಲ್ಲರೂ ತಿಳಿದರೆ, ಅದನ್ನು ತಿದ್ದಲು ನಾನು ಮೇಷ್ಟರೇ? ಸೋಮವಾರ ಅಪ್ಪ ಶಾಲೆಗೆ ಹೋದದ್ದು ನನ್ನ ಹೆಸರು ತೆಗೆಸಲು. ಲೆಕ್ಕದ ಮೇಷ್ಟರು ಕೂಡ ಅಯ್ಯೋ ಪಾಪ ಎಂದು ಕಾರ್ಡಿನ ಮಾತೇ ಎತ್ತಲಿಲ್ಲವಂತೆ. ಕಾರ್ಡನ್ನು ನಾನು ಗಿರಣಿಯ ಹಿಂದಿನ ಗೋಡೆಯ ಸಂದಿಗೆ ತುರುಕಿದೆ. ಅಲ್ಲೇ ಇರಬೇಕು, ಇಲಿ ತಿನ್ನದಿದ್ದರೆ.

ಅಕ್ಕ ಓದಿದಳು, ಟೀಚರಾದಳು. ಮೊದಲನೆಯ ಸಂಬಳದಿಂದ ಶುರು ಮಾಡಿ ಇವತ್ತಿನ ತನಕ, ಪ್ರತಿ ಯುಗಾದಿಗೆ ನನಗೊಂದು ಷರ್ಟ್ ಪೀಸು ತಂದುಕೊಡುತ್ತಾಳೆ. ಒಳ್ಳೆಯ ಬಟ್ಟೆ. ನಾನು ಒಂದನ್ನೂ ಹೊಲಿಸಿಲ್ಲ. ಹೊಲಿಸಲು ಟೈಲರ್ ಅಂಗಡಿಯ ತನಕ ಹೋಗುತ್ತೇನೆ, ಅಳತೆ ಕೊಡಲು ಕೈ ಎತ್ತಿದ ಕೂಡಲೇ ಆ ಕಾರ್ಡು ನೆನಪಾಗುತ್ತದೆ, ‘ಇವತ್ತು ಬೇಡ’ ಎಂದು ವಾಪಸ್ ಬರುತ್ತೇನೆ. ಬೀರುವಿನ ಕೆಳಗಿನ ಅರೆಯ ತುಂಬ ಅವೇ. ಗಿರಿಜೆ ಪ್ರತಿ ವರ್ಷ ನುಸಿಗುಳಿಗೆ ಬದಲಾಯಿಸುತ್ತಾ, “ಇದೇನು ಬಟ್ಟೆ ಅಂಗಡಿ ಇಡೋ ಯೋಚನೇನಾ?” ಎನ್ನುತ್ತಾಳೆ. ಅವಳಿಗೂ ಕಾರಣ ಹೇಳಿಲ್ಲ. ಹಾಗೆಂದು ಆ ತ್ಯಾಗದ ಹೆಸರನ್ನು ನಾನು ಬಳಸಿಕೊಂಡಿಲ್ಲ ಎಂದೂ ಹೇಳಲಾರೆ. ಅಕ್ಕ ಏನಾದರೂ ಗದರಿಸಿದರೆ, “ಹೌದಮ್ಮ, ನೀನು ಓದಿದವಳು” ಎಂದು ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಆ ನಿಟ್ಟುಸಿರಿನಿಂದ ನನಗೆ ಎಷ್ಟೋ ಕೆಲಸವಾಗಿದೆ.

ಶನಿವಾರ ಬೆಳಗ್ಗೆ ಹತ್ತರಿಂದ ಐದರ ತನಕ ಕರೆಂಟು ತೆಗೆದರು, ರಿಪೇರಿಯಂತೆ. ಶನಿವಾರ ನಮಗೆ ಎಂಥ ದಿನ ಎಂದು ಕರೆಂಟಿನವರಿಗೆ ಏನು ಗೊತ್ತು? ಡಬ್ಬಿಗಳು ಬಾಗಿಲ ತನಕ ಸಾಲು ನಿಂತಿವೆ, ಮಿಷನ್ ತಣ್ಣಗೆ ಕೂತಿದೆ. ಮಾಡಲು ಕೆಲಸವಿಲ್ಲ, ಕೇಳಿಸುವುದಿಲ್ಲ ಎನ್ನಲು ಸದ್ದಿಲ್ಲ, ಕೈಯಲ್ಲಿ ಹಿಟ್ಟೂ ಇಲ್ಲ. ಆ ಹಾಳು ಬೆಂಚಿನ ಮೇಲೆ ಕೂತು ಫೋನ್ ತೆಗೆದೆ. ಗುರಿಗೆ ಏನು ಕಾರಣ ಹೇಳಿದ್ದಾಳೋ ತಿಳಿದುಕೊಂಡು ಜಗಳವಾಡೋಣ ಎಂದು ನೆನಪು ಭಾಗ ಒಂದರಿಂದ ಶುರು ಮಾಡಿದೆ.

ಏನೆಂದು ಹೇಳಲಿ. ನನಗೆ ಅದೆಲ್ಲ ಗೊತ್ತಿರುವ ಸಂಗತಿಯೇ, ಆದರೂ ಗೊತ್ತಿರಲಿಲ್ಲ. ಅಕ್ಕ ಕಾಲೇಜಿಗೆ ಹೋಗುವ ದಾರಿ ಗಿರಣಿಯ ಮುಂದೆಯೇ ಇತ್ತು. ಅವಳು ದಿನಾ ಬೆಳಗ್ಗೆ ಅದನ್ನು ಬಿಟ್ಟು ಒಂದು ರಸ್ತೆ ಸುತ್ತಿ ಹೋಗುತ್ತಿದ್ದಳಂತೆ, ಪುಸ್ತಕ ಹಿಡಿದುಕೊಂಡು ನನ್ನ ಕಣ್ಣಿಗೆ ಬೀಳಬಾರದೆಂದು. ಆ ಹೊತ್ತಿನಲ್ಲಿ ನಾನು ಅಲ್ಲಿ ಏನು ಮಾಡುತ್ತಿದ್ದೆ ಗೊತ್ತೇ? ಎದುರು ಹೋಟೆಲಿನಿಂದ ತರಿಸಿದ ಇಡ್ಲಿ ತಿನ್ನುತ್ತಾ, ಶಾಲೆಗೆ ಹೋಗುವ ಹುಡುಗರನ್ನು ನೋಡಿ ಸಂತೋಷಪಡುತ್ತಿದ್ದೆ. ನೆನಪು ಭಾಗ ಆರರಲ್ಲಿ ಅವಳು ಹೇಳುತ್ತಾಳೆ: “ಪ್ರತಿ ವರ್ಷ ಹಾಜರಿ ಪುಸ್ತಕದಲ್ಲಿ ಒಬ್ಬ ನಾಗರಾಜ ಇದ್ದೇ ಇರುತ್ತಿದ್ದ. ಬೇರೆಯವರ ಕಿವಿ ಹಿಂಡಿದ್ದೇನೆ. ನಾಗರಾಜರನ್ನು ಮಾತ್ರ ಗದರಿಸಲು ಆಗುತ್ತಿರಲಿಲ್ಲ. ಒಂದೆರಡು ಮಾರ್ಕಿನಲ್ಲಿ ಫೇಲಾಗುವಂತಿದ್ದರೆ ಎಲ್ಲಾದರೂ ಹುಡುಕಿ ಹಾಕಿಬಿಡುತ್ತಿದ್ದೆ.”  ಮೂವತ್ತೈದು ವರ್ಷ. ನನ್ನ ಒಂದು ಕಾರ್ಡಿನ ದೆಸೆಯಿಂದ ಈ ಬೆಂಗಳೂರಿನಲ್ಲಿ ಎಷ್ಟು ಜನ ದಡ್ಡ ನಾಗರಾಜರು ಪಾಸಾಗಿ ಎಲ್ಲೆಲ್ಲಿ ಕೂತಿದ್ದಾರೋ. ಇವತ್ತು ಕರೆಂಟು ತೆಗೆದವನೂ ಅವರಲ್ಲೊಬ್ಬನಿರಬಹುದು.

ಕನಸು ಎಂದರೆ ಆಸೆ ಎಂದುಕೊಂಡಿದ್ದೆ. ಅವಳು ನಿಜವಾಗಿಯೂ ನಿದ್ದೆಯಲ್ಲಿ ಬೀಳುವ ಕನಸನ್ನೇ ಹೇಳಿದ್ದಾಳೆ. ಒಂದೇ ಕನಸು, ಎಷ್ಟೋ ವರ್ಷದಿಂದ. ಅವಳು ಹಾಜರಿ ಕೂಗುತ್ತಾಳೆ. ಎಲ್ಲರೂ ‘ಎಸ್ ಮಿಸ್’ ಎನ್ನುತ್ತಾರೆ. ನಾಗರಾಜ ಎಂದಾಗ ಯಾರೂ ಮಾತಾಡುವುದಿಲ್ಲ. ಬಗ್ಗಿ ನೋಡಿದರೆ ಒಂದು ಜಾಗ ಖಾಲಿ. ಆ ಜಾಗದಲ್ಲಿ ಬರೀ ಹಿಟ್ಟು ಬಿದ್ದಿರುತ್ತದೆ.

ಗುರಿ ಭಾಗ ಎರಡನ್ನು ಎರಡು ಸಲ ಕೇಳಿದೆ. “ನಾಗು, ಒಂದು ವಿಷಯ ಯಾರಿಗೂ ಹೇಳಿಲ್ಲ. ಆವತ್ತು ನೀನು ಎದ್ದು ನಿಂತಾಗ ನಿನಗೆ ಓದೋ ಆಸೆ ಇದೆಯಾ ಅಂತ ನಾನು ಕೇಳ್ಬೋದಿತ್ತು. ಕೇಳ್ಲಿಲ್ಲ. ಇದೆ ಅಂದ್ಬಿಟ್ರೆ ಅಂತ ಹೆದರಿಕೆ ಆಯ್ತು. ಇವತ್ತಿನ ತನಕ ಕೇಳಿಲ್ಲ.”

ಇದನ್ನು ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ಕೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ‘ಇಲ್ಲ ಮಾರಾಯ್ತಿ, ನನಗೆ ಓದು ಎಂದರೆ ವಾಕರಿಕೆ’ ಎಂದು ಅರ್ಧ ನಿಮಿಷದಲ್ಲಿ ಹೇಳುತ್ತಿದ್ದೆ. ಆಮೇಲೆ ನಿಧಾನವಾಗಿ ಇನ್ನೊಂದು ಯೋಚನೆ ಬಂತು. ಅವಳು ಕೇಳದಿದ್ದರೆ ಏನಾಯಿತು, ನಾನೇ ಹೇಳಬಹುದಿತ್ತಲ್ಲ. ಅವಳು ಕಳ್ಳಿಯಂತೆ ರಸ್ತೆ ಸುತ್ತಿ ಓಡಾಡುತ್ತಿದ್ದಾಗ, ಮೂರು ಹಪ್ಪಳ ತಿಂದವನು ಬಾಯಿ ಬಿಡಬಹುದಿತ್ತು. ಅರ್ಧ ನಿಮಿಷದ ಮಾತನ್ನು ನಲವತ್ತು ವರ್ಷಕ್ಕೂ ಮೇಲೆ ಹೊತ್ತುಕೊಂಡು ಕೂತವನು ನಾನು. ಭಾರ ಮಾತ್ರ ಅವಳ ತಲೆಯ ಮೇಲೆ.

ಎದುರಿಗೆ ನಿಂತು ಹೇಳುವ ಧೈರ್ಯ ಸಾಲಲಿಲ್ಲ. ಅವಳ ದಾರಿಯಲ್ಲೇ ಹೇಳೋಣ ಎಂದು ಫೋನಿನ ಗುಂಡಿ ಒತ್ತಿಹಿಡಿದು ಮಾತಾಡಿದೆ. ಕಾರ್ಡು, ಏಳು ಮಾರ್ಕು, ತಣ್ಣೀರು, ಹಪ್ಪಳ, ಇಡ್ಲಿ, ಷರ್ಟ್ ಪೀಸು, ಎಲ್ಲವನ್ನೂ. ಹನ್ನೊಂದು ನಿಮಿಷವಾಯಿತು. ಜೀವನದಲ್ಲಿ ನಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಕಳಿಸಿ, ಫೋನನ್ನೇ ನೋಡುತ್ತಾ ಕೂತೆ.

ಎರಡು ಸೆಕೆಂಡಿನಲ್ಲಿ ಉತ್ತರ ಬಂತು. ಹೆಬ್ಬೆರಳು.

ನನ್ನ ಕೋಪ ಹೇಳತೀರದು. ಇಷ್ಟು ಓದಿದವಳು, ಮೂವತ್ತೈದು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳು. ಒಬ್ಬ ಮನುಷ್ಯ ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಿ ಕಳಿಸಿದರೆ ಕೇಳುವಷ್ಟು ಸೌಜನ್ಯ ಬೇಡವೇ? ಹನ್ನೊಂದು ನಿಮಿಷದ್ದನ್ನು ಎರಡು ಸೆಕೆಂಡಿನಲ್ಲಿ ಯಾರಾದರೂ ಕೇಳಲು ಸಾಧ್ಯವೇ? ಇದು ಯಾವ ಊರಿನ ನ್ಯಾಯ? ಮನೆಗೆ ಹೋಗಿ ಗಿರಿಜೆಯ ಮುಂದೆ ಇದನ್ನೇ ಕೂಗಾಡಿದೆ. ಅವಳು ಹುರಳಿಕಾಯಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.  ಮತ್ತೆ ಹುರಳಿಕಾಯಿ ಮುರಿದಳು.

ಭಾನುವಾರ ಮೂರು ಗಂಟೆಗೆ ಸರಿಯಾಗಿ ಅಕ್ಕ ಬಂದಳು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಶಾಲೆಗೆ ಹೋಗುತ್ತಿದ್ದಾಗಿನ ಅದೇ ಚೀಲ. ನಾನು ಬೆಂಚಿನಲ್ಲಿ ಕೂತೆ. ಅವಳು ಗಿರಾಕಿಗಳ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಪಠ್ಯಪುಸ್ತಕ, ಗೆರೆ ಹಾಕಿದ ನೋಟ್‌ಬುಕ್ಕು, ಪೆನ್ಸಿಲ್ಲು ಎಲ್ಲ ತೆಗೆದಿಟ್ಟಳು. ಕೊನೆಗೆ ಒಂದು ಹಾಜರಿ ಪುಸ್ತಕ. ಹೊಸದು. ಅದರ ಮೊದಲನೆಯ ಪುಟದಲ್ಲಿ ಒಂದೇ ಹೆಸರು ಬರೆದಿತ್ತು. ಕನ್ನಡಕ ಸರಿಮಾಡಿಕೊಂಡು ಕೂಗಿದಳು, “ನಾಗರಾಜ.”

‘ಎಸ್ ಮಿಸ್’ ಎನ್ನಬೇಕಿತ್ತು. ಅವಳು ಅದಕ್ಕಾಗಿಯೇ ಕಾಯುತ್ತಿದ್ದಾಳೆ ಎನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಷ್ಟು ಹೇಳಿದ್ದರೆ ಅವಳ ಕನಸಿನಲ್ಲಿ ಆ ಖಾಲಿ ಜಾಗ ತುಂಬುತ್ತಿತ್ತು, ನನ್ನ ತ್ಯಾಗವೂ ಉಳಿಯುತ್ತಿತ್ತು.

“ಅಕ್ಕ, ನಿನ್ನೆ ನಾನು ಕಳಿಸಿದ್ದು ಕೇಳಿದ್ಯಾ?”

“ಬಸ್ಸಲ್ಲಿದ್ದೆ ಕಣೋ, ಆಮೇಲೆ ಕೇಳೋಣ ಅಂತ ಹೆಬ್ಬೆರಳು ಹಾಕಿದೆ. ನಿನ್ನಿಂದ್ಲೇ ಕಲಿತದ್ದು. ಯಾಕೆ, ಏನಿತ್ತು?”

“ನಾನು ನಿನಗೋಸ್ಕರ ಓದು ಬಿಟ್ಟಿದ್ದಲ್ಲ ಅಕ್ಕ. ಲೆಕ್ಕದಲ್ಲಿ ಏಳು ಬಂದಿತ್ತು.”

ಅಕ್ಕ ಪೆನ್ಸಿಲ್ಲು ಕೆಳಗಿಟ್ಟಳು. “ಎಷ್ಟಕ್ಕೆ?”

“ನೂರಕ್ಕೆ.”

ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಈ ಸಲ ಮೂರೇ ನಿಮಿಷವಾಯಿತು. ಎದುರಿಗೆ ಮುಖವಿದ್ದರೆ ಮಾತು ಕಮ್ಮಿಯಾಗುತ್ತದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಗಿರಣಿಯೊಳಗೆ ಯಾರ ಕನ್ನಡಕದ ಮೇಲಾದರೂ ಹಿಟ್ಟು ಕೂರುತ್ತದೆ, ಹಾಗಾಗಿ ಅವಳು ಒರೆಸಿದ್ದು ಏನನ್ನು ಎಂದು ನಾನು ಹೇಳಲಾರೆ. ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದಳು, “ಓದೋ ಆಸೆ ಇರ್ಲಿಲ್ವಾ ನಿನಗೆ? ಸ್ವಲ್ಪನೂ?”

“ಒಂದು ಚೂರೂ ಇರ್ಲಿಲ್ಲ.”

“ನಿಜವಾಗ್ಲೂ?”

“ಅಮ್ಮನಾಣೆ.”

ಅವಳು ಉಸಿರು ಬಿಟ್ಟ ರೀತಿ ನೋಡಿ ನನಗೆ ನಮ್ಮ ಗಿರಾಕಿಗಳು ನೆನಪಾದರು. ದೂರದಿಂದ ರಾಗಿಯ ಡಬ್ಬಿ ಸೊಂಟದ ಮೇಲೆ ಹೊತ್ತು ತಂದು ಕೆಳಗಿಳಿಸಿ ಹಾಗೇ ಉಸಿರು ಬಿಡುತ್ತಾರೆ. ಒಂದು ನಿಮಿಷ ಅವಳು ಹದಿನೇಳು ವರ್ಷದವಳಂತೆ ಕಂಡಳು. ಮರುನಿಮಿಷ ಲೆಕ್ಕದ ಮೇಡಂ ವಾಪಸ್ ಬಂದರು.

“ಹಾಗಾದ್ರೆ ಆ ಕತ್ತೆಗಳಿಗೆಲ್ಲ ನಾನು ಮಾರ್ಕು ದಾನ ಮಾಡಿದ್ದು ಯಾವ ಪುಣ್ಯಕ್ಕೋ? ಯುಗಾದಿ ಯುಗಾದಿಗೆ ಅಂಗಡಿ ಅಂಗಡಿ ಸುತ್ತಿ ಬಟ್ಟೆ ಆರಿಸಿದ್ದು ಯಾವ ಪುಣ್ಯಕ್ಕೆ? ಒಂದಾದ್ರೂ ಹಾಕ್ಕೊಂಡ್ಯಾ ನೀನು? ನಾನು ಕೊಟ್ಟಿದ್ದು ಇಷ್ಟ ಆಗಲ್ವೇನೋ, ಇನ್ನೂ ನೋವಿದೆಯೇನೋ ಅಂತ ಮುಂದಿನ ವರ್ಷ ಇನ್ನೂ ಒಳ್ಳೇದು ತರ್ತಿದ್ದೆ.”

“ಎಲ್ಲ ಹಾಗೇ ಇದೆ ಅಕ್ಕ. ನುಸಿ ಹಿಡಿದಿಲ್ಲ.”

ಇದು ಸಮಾಧಾನದ ಮಾತಾಗಲಿಲ್ಲ ಎಂದು ಕಂಡಿತು. ಆದರೂ ನನ್ನೊಳಗೆ ಒಂದು ಸಣ್ಣ ಆಸೆ ಹುಟ್ಟಿತ್ತು. ತ್ಯಾಗವೇ ಇಲ್ಲವೆಂದ ಮೇಲೆ ವಾಪಸ್ ಕೊಡುವುದೇನಿದೆ? ಬೆಂಚಿನಿಂದ ಅರ್ಧ ಎದ್ದು, “ಹಾಗಾದ್ರೆ ಪರೀಕ್ಷೆ ಗಿರೀಕ್ಷೆ ಎಲ್ಲ ಬೇಡ ತಾನೆ? ಸಾಬ್ರಿಗೆ ಹೇಳಿ ಇದನ್ನ ವಾಪಸ್...” ಎಂದೆ.

“ಕೂತ್ಕೊ.”

ಕೂತೆ. ಆ ದನಿಗೆ ಡಾಕ್ಟರು ವಕೀಲರೇ ಕೂತಿದ್ದಾರೆ, ನಾನ್ಯಾವ ಲೆಕ್ಕ.

“ಇಷ್ಟು ದಿನ ಋಣ ತೀರಿಸೋಕೆ ಅಂತ ನಿನಗೆ ಓದಿಸೋಣ ಅಂದ್ಕೊಂಡಿದ್ದೆ. ಇನ್ಮೇಲೆ ಶಿಕ್ಷೆ ಅಂತ ಓದಿಸ್ತೀನಿ. ಲೆಕ್ಕದಿಂದ್ಲೇ ಶುರು. ಆ ಬಟ್ಟೆಗಳಲ್ಲಿ ಒಂದ್ ಬಿಳೀದು ಹುಡುಕಿ ಹೊಲಿಸ್ಕೊ, ಪರೀಕ್ಷೆ ದಿನಕ್ಕಾಗುತ್ತೆ.” ಎಂದು ಹಾಜರಿ ಪುಸ್ತಕ ಎಳೆದುಕೊಂಡು ಇನ್ನೊಂದು ಸಲ, ಈ ಸಲ ಸ್ವಲ್ಪ ಗದರಿಸುವ ದನಿಯಲ್ಲಿ, “ನಾಗರಾಜ” ಎಂದಳು. ಮೂವತ್ತೈದು ವರ್ಷದಲ್ಲಿ ಆ ಹೆಸರನ್ನು ಅವಳು ಗದರಿಸಿ ಕೂಗಿದ್ದು ಅದೇ ಮೊದಲಿರಬೇಕು. ಅವಳಿಗೆ ಅದರಲ್ಲಿ ಸಂತೋಷವೇ ಆಯಿತೆಂದು ನನಗೆ ಅನುಮಾನ.

“ಎಸ್ ಮಿಸ್,” ಎಂದೆ.

ಪುಸ್ತಕ ತೆರೆದು ಸಮೀಕರಣ ಶುರು ಮಾಡಿದಳು. ಚೆನ್ನಾಗಿಯೇ ಹೇಳಿಕೊಡುತ್ತಾಳೆ, ಜನ ಹೇಳುವುದು ಸುಳ್ಳಲ್ಲ. ಒಂದು ಕಡೆ ಇದ್ದದ್ದನ್ನು ಇನ್ನೊಂದು ಕಡೆಗೆ ತಂದರೆ ಹೇಗೆ ಬದಲಾಗುತ್ತದೆ ಎಂದು ಹತ್ತು ನಿಮಿಷ, ನಿಧಾನವಾಗಿ, ಹಾಳೆಯ ಮೇಲೆ ಬರೆದು ತೋರಿಸುತ್ತಾ ವಿವರಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಾ ಅಲ್ಲಲ್ಲಿ ತಲೆಯಾಡಿಸಿದೆ. ನಾಳೆ ಮೊದಲು ಯಾರ ಡಬ್ಬಿ ಹಾಕಬೇಕು, ಶನಿವಾರದ ಬಾಕಿ ಯಾವಾಗ ಮುಗಿಸಬೇಕು, ಬಿಳಿಯ ಬಟ್ಟೆ ಬೀರುವಿನಲ್ಲಿ ಯಾವ ವರ್ಷದ್ದು, ಹೀಗೆ ಏನೇನೋ ಮನಸ್ಸಿಗೆ ಬರುತ್ತಿತ್ತು. ಅಕ್ಕ ಪೆನ್ಸಿಲ್ಲು ನಿಲ್ಲಿಸಿದಳು.

“ಅರ್ಥ ಆಯ್ತಾ?”

ನಾನು ತಲೆಯಾಡಿಸಿದೆ.

“ಏನು ಹೇಳ್ದೆ ಈಗ, ಹೇಳು ನೋಡೋಣ.”

ಅಭ್ಯಾಸಬಲದಿಂದ ನನ್ನ ಕಣ್ಣು ಮಿಷನ್ನಿನ ಕಡೆಗೆ ಹೋಯಿತು. ಭಾನುವಾರ ಮಧ್ಯಾಹ್ನ. ಅದು ನಿಂತಿತ್ತು.